ಹೇರೋಹಳ್ಳಿ ಅಜ್ಜಿಗೆ ಕೊಟ್ಟ ಮಾತು

ಹೇರೋಹಳ್ಳಿಯ ರಸ್ತೆ ಗುಂಡಿಗಳ ಬಗ್ಗೆ ನಮ್ಮ ಟಿವಿಯ ನೇರಪ್ರಸಾರಕ್ಕೆ ಐದೇ ನಿಮಿಷವಿತ್ತು. ಕ್ಯಾಮೆರಾ ಮುಂದೆ ಮಾತಾಡಲು ಒಬ್ಬರೂ ಸಿಕ್ಕಿರಲಿಲ್ಲ. ಒಂದು ಮನೆಯ ಗೇಟಿನ ಬಳಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯೊಬ್ಬರನ್ನು ಕೇಳಿಕೊಂಡೆ.

“ದಿನಾ ನಿನ್ನ ಚರ್ಚೆ ನೋಡ್ತೀನಿ ಕಣಮ್ಮ. ಪ್ರಶ್ನೆ ಕೇಳ್ತೀಯ, ಉತ್ತರ ಹೇಳಕ್ಕೆ ಬಿಡಲ್ಲ. ನಾನು ಮುಗಿಸೋವರೆಗೂ ಬಾಯಿ ಮುಚ್ಕೊಂಡಿರ್ತೀಯಾ?”

ಇಪ್ಪತ್ತೈದು ವರ್ಷಗಳಲ್ಲಿ ಯಾವ ಮಂತ್ರಿಗೂ ಕೊಡದ ಮಾತನ್ನು ಅಜ್ಜಿಗೆ ಕೊಟ್ಟೆ. ಸೊಸೆ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡಿದ್ದರಿಂದ ಶುರುಮಾಡಿ, ಬಾರದ ನೀರು, ಮುಖ ತೋರಿಸದ ಶಾಸಕರು, ಎಲ್ಲವನ್ನೂ ಅವರು ಬಿಡಿಸಿ ಹೇಳಿದರು. “ಮೇಡಂ, ತಡೀರಿ ಅವರನ್ನ” ಎಂದು ಸ್ಟುಡಿಯೋದವರು ನನ್ನ ಕಿವಿಯಲ್ಲಿ ಗೋಗರೆದರು. ಕೊಟ್ಟ ಮಾತು ಮುರಿಯುವವಳಲ್ಲ ನಾನು. ತುಟಿ ಬಿಚ್ಚಲಿಲ್ಲ.

ಆಮೇಲೆ ಸಂಪಾದಕರು ಫೋನ್ ಮಾಡಿ, “ನೀವು ಮಾಡಿದ್ದರಲ್ಲೇ ಅತ್ಯುತ್ತಮ ಸಂದರ್ಶನ” ಎಂದರು. ಹೊಗಳಿಕೆಯೆಂದೇ ತೆಗೆದುಕೊಂಡಿದ್ದೇನೆ.