ಬಣ್ಣ ಹಚ್ಚಿದ ರೇಡಿಯೋ

ನಾನು ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವವನು. ನನ್ನ ಮಗಳಿಗೆ ಮಾತ್ರ ಗೊಂಬೆ ಅಂದರೆ ಮೈಯೆಲ್ಲ ಉರಿ. ಶಾಲೆಯಲ್ಲಿ ಏನೇ ಪ್ರದರ್ಶನ ಇರಲಿ, ‘ನಿಮ್ಮಪ್ಪನ ಹತ್ತಿರ ಒಂದೆರಡು ಗೊಂಬೆ ಇಸ್ಕೊಂಡು ಬಾ’ ಅನ್ನುತ್ತಿದ್ದರಂತೆ ಟೀಚರು. ಏಳನೇ ಕ್ಲಾಸಿಗೆ ಬಂದ ವರ್ಷ ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಳು: “ಈ ಸಲ ನಾನೇ ರೇಡಿಯೋ ಮಾಡ್ತೀನಪ್ಪ. ಕರೆಂಟೂ ಬ್ಯಾಡ, ಸೆಲ್ಲೂ ಬ್ಯಾಡ. ಪುಸ್ತಕದಲ್ಲಿ ಐತೆ.”

“ಕರೆಂಟಿಲ್ದೆ ಅದ್ಯಾವ ರೇಡಿಯೋನವ್ವಾ?” ಎಂದು ನಕ್ಕೆ. ಅವಳು ನಗಲಿಲ್ಲ.

ಆಗ ಬಿಡದಿ ಕಡೆಯ ಕಾರ್ಖಾನೆಗಳಿಗೆ ನಮ್ಮ ಬೀದಿಯ ಗಂಡಸರು ಒಬ್ಬೊಬ್ಬರಾಗಿ ಹೊರಟಿದ್ದರು. ನನ್ನ ಪಕ್ಕದ ಲೇತು ಖಾಲಿ ಬಿದ್ದಿತ್ತು. ಮಗಳು ಅಲ್ಲೇ ಕೂತಳು. ನಾನು ಮಾಡಿಕೊಟ್ಟದ್ದು ಹಾಲೆಮರದ ಒಂದು ಉರುಳೆ, ಅಷ್ಟೇ. ಅದಕ್ಕೆ ತಾಮ್ರದ ತಂತಿಯನ್ನು ಒಂದರ ಪಕ್ಕ ಒಂದು, ಎಳೆಯಷ್ಟೂ ಸಂದು ಬಿಡದೆ ಸುತ್ತಿದವಳು ಅವಳು. ತಪ್ಪಿದಾಗಲೆಲ್ಲ ಪೂರ್ತಿ ಬಿಚ್ಚಿ ಮತ್ತೆ ಸುತ್ತುವಳು. ಆಮೇಲೆ ಉಪ್ಪುಕಾಗದದಿಂದ ತಂತಿಯ ಮೇಲೆ ಉದ್ದಕ್ಕೆ ಒಂದು ಗೆರೆ ಉಜ್ಜಿ, ಅದರ ಮೇಲೆ ಹಿತ್ತಾಳೆಯ ಪಟ್ಟಿಯೊಂದು ಜಾರುವಂತೆ ಮಾಡಿದಳು. ಒಂದು ಡಯೋಡು, ಒಂದು ಇಯರ್‌ಫೋನು, ತಾರಸಿಯಿಂದ ಬೇವಿನಮರಕ್ಕೆ ಎಳೆದ ಏರಿಯಲ್ಲು. ಪಟ್ಟಿ ಜಾರಿಸುತ್ತ ಜಾರಿಸುತ್ತ ಒಂದು ಸಂಜೆ ಕಿರುಚಿದಳು: “ಅಪ್ಪಾ, ಮಾತಾಡ್ತಾವ್ರೆ!” ಬೆಂಗಳೂರಿನ ಸ್ಟೇಷನ್ನು, ಸೊಳ್ಳೆಯಷ್ಟು ದನಿ.

ಪ್ರದರ್ಶನದ ದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋಗಿದ್ದಳು. ನಮ್ಮ ಲೇತಿನಿಂದ ಇಳಿದ ಮರ ಬಣ್ಣ ಕಾಣದೆ ಬಾಗಿಲು ದಾಟಿದ್ದೇ ಇಲ್ಲ. ಈ ಉರುಳೆ ಬೋಳಾಗಿ ಕೂತಿತ್ತು, ಮೇಲೆ ಆ ಉಜ್ಜಿದ ಗೆರೆ ಬೇರೆ, ತರಚುಗಾಯದ ಹಾಗೆ. ಪಟ್ಟಿ ಸಲೀಸಾಗಿ ಜಾರಲಿ ಅಂತ ತಾನೇ ಉಜ್ಜಿದ್ದಾಳೆ, ಅರಗು ಹಚ್ಚಿದರೆ ಇನ್ನೂ ಸಲೀಸು ಅಂದುಕೊಂಡೆ. ನನ್ನ ತಲೆಗೆ ಹೊಳೆದದ್ದು ಅಷ್ಟೇ! ಪಟ್ಟಿ ಬಿಚ್ಚಿಟ್ಟು, ಉರುಳೆಯನ್ನು ಲೇತಿಗೆ ಸಿಕ್ಕಿಸಿ, ತಂತಿಯ ಮೇಲೆ ಹಗುರವಾಗಿ ಕೆಂಪು ಅರಗಿನ ಕಡ್ಡಿ ಒತ್ತಿ, ತಾಳೆಗರಿಯಿಂದ ತೀಡಿ ಫಳಫಳ ಮಾಡಿದೆ. ಎಲ್ಲವನ್ನೂ ಮೊದಲಿನಂತೆ ಜೋಡಿಸಿ ಡಬ್ಬದಲ್ಲಿಟ್ಟೆ. ಅಲ್ಲೇ ನೋಡಿ ಖುಷಿಪಡಲಿ ಅಂತ ಬಾಯಿ ಬಿಡಲಿಲ್ಲ.

ನಾನೂ ಜೊತೆಗೆ ಹೋಗಿ ಶಾಲೆಯ ಕಿಟಕಿಯಿಂದ ಆಚೆಯ ಮರಕ್ಕೆ ಏರಿಯಲ್ಲು ಎಳೆದುಕೊಟ್ಟೆ. ಡಬ್ಬ ತೆಗೆದವಳ ಮುಖ ಬಿಳಿಚಿಕೊಂಡಿತು. “ಅಪ್ಪಾ, ಏನ್ ಮಾಡ್ಬುಟ್ಟೆ? ಪಟ್ಟಿ ತಾಮ್ರಕ್ಕೆ ತಾಕ್ಲಿ ಅಂತ ಉಜ್ಜಿದ್ದು. ಅರಗು ಕರೆಂಟ್ ಬುಡಲ್ಲ!”

ಅಷ್ಟರಲ್ಲಿ ಬಹುಮಾನ ಕೊಡುವ ಇಂಜಿನಿಯರು, ಟೀಚರು ಎದುರಿಗೇ ಬಂದು ನಿಂತರು. ಪಟ್ಟಿ ಬೆಣ್ಣೆಯ ಮೇಲೆ ಜಾರಿದಂತೆ ಜಾರಿತು. ಸದ್ದು ಮಾತ್ರ ಇಲ್ಲ.

“ಏನೂ ಕೇಳ್ತಿಲ್ಲವಲ್ಲ,” ಎಂದು ಇಂಜಿನಿಯರು ಇಯರ್‌ಫೋನು ತೆಗೆದರು. “ಆದರೆ ಕೆಲಸ ಎಷ್ಟು ನೀಟು! ಯಾರಮ್ಮ ಮಾಡಿದ್ದು?”

ಮಗಳು ಬಾಯಿ ತೆರೆಯುವಷ್ಟರಲ್ಲಿ ನಾನು ಹಲ್ಲು ಕಿರಿದು, “ನಾನೇ ಸಾರ್!” ಅಂದುಬಿಟ್ಟೆ. ಹೊಗಳಿಕೆ ಕಿವಿಗೆ ಬಿದ್ದರೆ ಸಾಕು, ನನ್ನ ಬುದ್ಧಿ ಎಲ್ಲಿ ಹೋಗುತ್ತದೋ!

“ಹಾಗಾದ್ರೆ ಇದು ಗೊಂಬೆಗಳ ಮೇಜಿಗೆ ಹೋಗಲಿ,” ಎಂದರು ಟೀಚರು. ಸುತ್ತಲಿನ ಮಕ್ಕಳು ಗೊಳ್ಳೆಂದವು. “ಬಣ್ಣ ಒಂದೇ ಸಾರ್ ನಂದು, ಮಿಕ್ಕಿದ್ದೆಲ್ಲ ಅವಳ್ದೇ,” ಎಂದು ಕೂಗಿಕೊಂಡೆ. ಅವರು ಆಗಲೇ ಮುಂದಿನ ಮೇಜಿನಲ್ಲಿದ್ದರು. ಭೂಮಿ ಬಾಯಿಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. ಮಗಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮನೆಗೆ ಬಂದವಳೇ ಗೆರೆಯ ಮೇಲಿನ ಅರಗನ್ನೆಲ್ಲ ಬ್ಲೇಡಿನಿಂದ ಕೆರೆದು, ತಂತಿಗಳನ್ನು ಸಿಕ್ಕಿಸಿ, ಪಟ್ಟಿ ಜಾರಿಸಿದಳು. ಕಣ್ಣರಳಿದ್ದು ನೋಡಿಯೇ ದನಿ ಬಂತೆಂದು ಗೊತ್ತಾಯಿತು.

“ಒಸಿ ನಂಗೂ ಕೊಡವ್ವಾ,” ಅಂದೆ, ನಾಚಿಕೆ ಬಿಟ್ಟು.

ಇಯರ್‌ಫೋನನ್ನು ತಾನೇ ನನ್ನ ಕಿವಿಗೆ ಇಟ್ಟಳು. ಯಾರೋ ಹೆಣ್ಣುಮಗಳು ಸ್ಪಷ್ಟವಾಗಿ ವಾರ್ತೆ ಓದುತ್ತಿದ್ದಳು. ಹಿಗ್ಗಿಗೆ ನನ್ನ ಕೈ ತಾನಾಗಿ ಪಟ್ಟಿಯ ಕಡೆ ಹೋಯಿತು. ಮಗಳು ಉರುಳೆಯನ್ನು ಎದೆಗೆ ಎಳೆದುಕೊಂಡಳು.

“ಕೇಳಪ್ಪಾ,” ಅಂದಳು. “ಮುಟ್ಬ್ಯಾಡ.”