ನಾಣ್ಯದ ಮೇಲಿನ ಚುಕ್ಕೆಗಳು

ಜಗಳೂರಿನ ಬಸ್ ನಿಲ್ದಾಣದಲ್ಲಿ ಕಾಯುತ್ತ, ರೋಮಿಗೆ ಹೋಗಿಬಂದ ಗೆಳೆಯ ನನ್ನ ಸಂಗ್ರಹಕ್ಕೆಂದು ಕೊಟ್ಟ ಐದುನೂರು ಲೀರಾ ನಾಣ್ಯವನ್ನು ತಿರುಗಿಸಿ ನೋಡುತ್ತಿದ್ದೆ. ನಡುವೆ ಹಳದಿ ಲೋಹ, ಸುತ್ತ ಬಿಳಿ ಲೋಹ. ಮೇಲ್ಗಡೆಯ ಉಬ್ಬು ಚುಕ್ಕೆಗಳು ಅಚ್ಚಿನ ತಪ್ಪಿರಬೇಕೆಂದುಕೊಂಡಿದ್ದೆ. ಪಕ್ಕದಲ್ಲಿ ಕೂತು ಮಾತಾಡುತ್ತಿದ್ದ, ಕಣ್ಣು ಕಾಣದ ಹಾರ್ಮೋನಿಯಂ ಮೇಷ್ಟ್ರ ಕೈಗೆ, ಇಟಲಿ ದೇಶದ ಹಳೇ ನಾಣ್ಯವೆಂದು ಹೇಳಿ, ಅದನ್ನಿಟ್ಟೆ.

"ಬಳೆ ತೊಟ್ಟಂಗೈತಲ್ರೀ ಇದು," ಎಂದು ನಕ್ಕರು. ಅವರ ಹೆಬ್ಬೆರಳು ಚುಕ್ಕೆಗಳ ಮೇಲೆ ಬಂದು ನಿಂತಿತು. "ಐದು, ಸೊನ್ನೆ, ಸೊನ್ನೆ... ನಮ್ಮ ಬ್ರೈಲ್ ಲಿಪಿ ಐತ್ರೀ! ಆ ದೇಶದಾಗೆ ಯಾರೋ ಪುಣ್ಯಾತ್ಮರು ನಮ್ಮನ್ನ ನೆನೆಸ್ಕೊಂಡಾರೆ."

ಅವರ ಬಸ್ಸು ಬಂತು. ನಾಣ್ಯ ನೀವೇ ಇಟ್ಟುಕೊಳ್ಳಿ ಎಂದೆ.

"ಬ್ಯಾಡ್ರೀ. ನಮ್ಮಂಥೋರು ಸಿಕ್ಕಾಗ ಅವರ ಕೈಗೂ ಕೊಡ್ರಿ," ಎಂದು, ನಾಣ್ಯವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಹಿಂದಿರುಗಿಸಿದರು.