ಅಮ್ಮನ ಹಾಸಿಗೆಯ ವಿ.ಪಿ.ಪಿ.

ರಿಯಾದಿನ ಮಲಾಜ್ ಬಡಾವಣೆಯಲ್ಲಿದ್ದ ವಾರಿಜಾಕ್ಷಿಗೆ ಊರಿನ ಅಮ್ಮನದೇ ಚಿಂತೆ. ಮಲಗಿದಲ್ಲೇ ಇದ್ದು ಅಮ್ಮನ ಬೆನ್ನೆಲ್ಲ ಹುಣ್ಣಾಗಿತ್ತು. ತೊಂಬತ್ತೊಂಬತ್ತನೇ ಇಸವಿಯಲ್ಲಿ ಅವಳ ಗಂಡ ಯೋಗೀಶ್ ಆಫೀಸಿನ ಕಂಪ್ಯೂಟರಿನಲ್ಲಿ ಬೆಂಗಳೂರಿನ ಅಂಗಡಿಯೊಂದನ್ನು ಹುಡುಕಿದ. ನೀರು ತುಂಬುವ ಹಾಸಿಗೆಯನ್ನು ಅಂಗಡಿಯವರು ಊರಿಗೇ ಕಳಿಸುತ್ತಿದ್ದರು, ಅಂಚೆ ಖರ್ಚು ಬೇರೆ. ಕ್ರೆಡಿಟ್ ಕಾರ್ಡಿನ ನಂಬರ್ ಕೊಡಲು ಮಾತ್ರ ವಾರಿಜಾಕ್ಷಿ ಬಿಡಲಿಲ್ಲ.

"ಮುಖ ಕಾಣದವರಿಗೆ ಕಪಾಟಿನ ಬೀಗದಕೈ ಕೊಡ್ಲಿಕ್ಕುಂಟಾ? ವಿ.ಪಿ.ಪಿ. ಹಾಕಿ. ಪಾರ್ಸೆಲ್ ಬಂದಾಗ ಅತ್ತಿಗೆ ಪೋಸ್ಟ್‌ಮ್ಯಾನಿಗೆ ದುಡ್ಡು ಕೊಡ್ತಾರೆ."

ಊರಿನಲ್ಲಿ ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಅತ್ತಿಗೆಗೆ ಕಾಗದವನ್ನೂ ಬರೆದಳು. ಆದರೆ ಸೌದಿಯ ಕಾಗದಕ್ಕೆ ಹದಿನೈದು ದಿನ, ಬೆಂಗಳೂರಿನ ಪಾರ್ಸೆಲ್ಲಿಗೆ ನಾಲ್ಕೇ ದಿನ ಎಂಬುದು ಅವಳಿಗೆ ಹೊಳೆದದ್ದು ಹತ್ತು ದಿನ ಕಳೆದ ಮೇಲೆ. ಶುಕ್ರವಾರ ಬೆಳಿಗ್ಗೆಯೇ ಗಂಡನನ್ನು ಎಬ್ಬಿಸಿಕೊಂಡು ಟೆಲಿಫೋನ್ ಬೂತಿಗೆ ಓಡಿದಳು.

"ಅತ್ತಿಗೆ, ಪಾರ್ಸೆಲ್ ಬಂತಾ?"

"ಎಂತದೋ ಬಂದಿತ್ತು ಮಾರಾಯ್ತಿ. ಪೋಸ್ಟ್‌ಮ್ಯಾನ್ ಎರಡು ಸಾವಿರ ಕೇಳಿದ. ಹಿಂದೆ ನಿನ್ನಣ್ಣ ರೇಡಿಯೋ ಅಂತ ದುಡ್ಡು ಕಟ್ಟಿ ಇಟ್ಟಿಗೆ ಬಿಡಿಸಿಕೊಂಡದ್ದು ಮರೆತೆಯಾ? ಈಗ ದುಡ್ಡಿಲ್ಲ ಅಂತ ಸಾಗಹಾಕಿದೆ."

"ಯಾವತ್ತು?"

"ಶನಿವಾರ. ಪೋಸ್ಟಾಫೀಸಿನಲ್ಲಿ ಏಳು ದಿನ ಇಟ್ಟು ವಾಪಸ್ ಕಳಿಸ್ತಾರಂತೆ."

"ಅದು ಅಮ್ಮನ ಹಾಸಿಗೆ ಅತ್ತಿಗೆ. ಇವತ್ತೇ ಏಳನೇ ದಿನ."

"ಹಾಗಾದ್ರೆ ನೀನು ಫೋನ್ ಇಡು. ನಾನು ರಿಕ್ಷಾ ಹಿಡೀಬೇಕು."

ಆಮೇಲಿನ ಒಂದೂವರೆ ಗಂಟೆ ವಾರಿಜಾಕ್ಷಿ ಬೂತಿನ ಮುಂದೆಯೇ ನಿಂತಳು. ಯೋಗೀಶ್ ತಂದ ಚಹಾ ಕೈಯಲ್ಲೇ ಆರಿತು. ಆಮೇಲೆ ಮತ್ತೆ ಊರಿನ ನಂಬರ್ ಒತ್ತಿದಳು.

ಅತ್ತಿಗೆ ಏದುಸಿರು ಬಿಡುತ್ತಿದ್ದರು.

"ಸಿಕ್ಕಿತು. ಇದಕ್ಕೆ ಎಷ್ಟು ಕೊಡ ನೀರು ಹಿಡೀತದೆ, ಅದನ್ನು ಹೇಳು."